ಹೊಸ ತಾಕಿನ ಏಲಕ್ಕಿ

ಏಲಕ್ಕಿ ಗಿಡದ ಬುದ್ಧಿಯೇ ವಕ್ರ. ಎರಡಾಳು ಎತ್ತರ ಬೆಳೆದು ಮೇಲೆಲ್ಲ ಎಲೆ ಬೀಸಿಕೊಂಡು ನಿಂತರೂ ಕಾಯಿ ಬಿಡುವುದು ಮಾತ್ರ ಬುಡದಲ್ಲಿ, ನೆಲಕ್ಕೆ ತಾಗಿದ ಗೊಂಚಲಲ್ಲಿ. ಬೇಕಾದವರು ಬಗ್ಗಬೇಕು. ಬಗ್ಗಿದರೂ ಎಲ್ಲ ಒಂದೇ ಸಲಕ್ಕೆ ಸಿಗುವ ಮಾತಿಲ್ಲ. ಒಂದೇ ಗೊಂಚಲಲ್ಲಿ ಬುಡದ ಕಾಯಿ ಬಲಿತಿರುತ್ತದೆ, ನಡುವಿನದು ಇನ್ನೂ ಎಳಸು, ತುದಿಯಲ್ಲಿ ಈಗಷ್ಟೇ ಹೂವು. ಬಲಿತದ್ದನ್ನು ಮಾತ್ರ ಬೆರಳಲ್ಲಿ ಆರಿಸಿ, ಉಳಿದದ್ದಕ್ಕೆ ಪೆಟ್ಟಾಗದ ಹಾಗೆ ಬಿಟ್ಟು, ಮೂರು ನಾಲ್ಕು ವಾರ ಕಳೆದು ಮತ್ತೆ ಬಂದು ಮತ್ತೆ ಬಗ್ಗಬೇಕು. ಸೊಂಟದ ಮೇಲೆ ಆಸೆ ಇರುವವರು ಈ ಕೆಲಸದ ಹತ್ತಿರ ಸುಳಿಯದಿರುವುದೇ ಒಳ್ಳೆಯದು.

ಅಕ್ಕ ಹನ್ನೊಂದು ವರ್ಷ ಬಗ್ಗಿದವಳು. ತೋಟದಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನೂ ಹಲ್ಲಿಲ್ಲದ ಬಾಯಿ ತುಂಬ "ಅಕ್ಕಾ" ಎಂದೇ ಕರೆಯುತ್ತಿದ್ದ. ಹನ್ನೊಂದು ವರ್ಷ ಆದ ಮೇಲೆ ಅವಳ ಮೂಗು ಅವಳನ್ನು ಬುಡದಿಂದ ಎಬ್ಬಿಸಿ ಬಿಸಿಮನೆಯ ಬಾಗಿಲಿಗೆ ತಂದು ಕೂರಿಸಿತು.

ಬಿಸಿಮನೆ ಎಂದರೆ ಕಾಯಿ ಒಣಗಿಸುವ ಕೋಣೆ. ಕಿಟಕಿ ಇಲ್ಲ. ಒಳಗೆ ನೆಲದಿಂದ ಸೂರಿನವರೆಗೆ ತಂತಿಬಲೆಯ ತಟ್ಟೆಗಳು, ನಡುವೆ ಹಾದುಹೋಗುವ ದಪ್ಪ ತಗಡಿನ ಕೊಳವೆ, ಹಿಂಬದಿಯಿಂದ ಆ ಕೊಳವೆಗೆ ಬೆಂಕಿ. ಕಿತ್ತ ಕಾಯಿಯನ್ನು ತೊಳೆದು, ಹಸಿರು ನಿಲ್ಲಲಿ ಎಂದು ಸೋಡಾ ಬೆರೆಸಿದ ನೀರಲ್ಲಿ ಹತ್ತು ನಿಮಿಷ ನೆನೆಸಿ, ತಟ್ಟೆಗಳ ಮೇಲೆ ತೆಳ್ಳಗೆ ಹರಡಿ ಸಂಜೆ ಬೆಂಕಿ ಹಾಕಿದರೆ ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತದೆ. ಯಾವ ಹೊತ್ತಿಗೆ ಎನ್ನುವುದೇ ತಲೆನೋವು. ಬೇಗ ತೆಗೆದರೆ ಮೂಟೆಯಲ್ಲಿ ಬೂಷ್ಟು ಹಿಡಿಯುತ್ತದೆ. ತಡವಾದರೆ ಹಸಿರು ಹೋಗಿ ಒಣಹುಲ್ಲಿನ ಬಣ್ಣ ಬರುತ್ತದೆ, ಸಿಪ್ಪೆ ಬಾಯಿ ಬಿಡುತ್ತದೆ. ನೋಡಿಯೇ ಬಿಡೋಣ ಎಂದು ಹಸಿ ಆರುವ ಮೊದಲೇ ಬಾಗಿಲು ತೆಗೆದರೋ, ತಣ್ಣನೆ ಗಾಳಿಗೆ ಕಾಯಿ ಬೆವರಿ ಮೈತುಂಬ ಮಚ್ಚೆ. ಬಾಗಿಲಲ್ಲಿ ಹೆಬ್ಬೆರಳು ತೂರುವಷ್ಟು ಒಂದು ತೂತಿದೆ. ಅದಕ್ಕೆ ಮೂಗಿಟ್ಟು ಹೇಳಬೇಕು.

ಅಕ್ಕ ಹೇಳುತ್ತಿದ್ದಳು. ಮೊದಲು ಕೊಯ್ದ ಹುಲ್ಲಿನ ವಾಸನೆ, ಆಮೇಲೆ ಬೆಂದ ಸೊಪ್ಪಿನದು, ಆಮೇಲೆ ಮೂಗಿನ ತುದಿ ಜುಮ್ಮೆನ್ನುವ ಖಾರ. ಆ ಖಾರ ಸಿಹಿಗೆ ಹೊರಳುವ ಗಳಿಗೆಯಲ್ಲಿ ಅವಳು ಚಿಲಕ ಎಳೆಯುತ್ತಿದ್ದಳು. ಒಂಬತ್ತು ವರ್ಷದಲ್ಲಿ ಒಂದು ತಟ್ಟೆಯೂ ಕೆಟ್ಟಿರಲಿಲ್ಲ. ಗಡಿಯಾರವನ್ನು ನೋಡಿ ಅಕ್ಕ ಬಾಗಿಲು ತೆಗೆಯುವುದಲ್ಲ, ಅಕ್ಕನನ್ನು ನೋಡಿ ಗಡಿಯಾರಕ್ಕೆ ಕೀ ಕೊಡಬೇಕು ಎಂದು ಜನ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು, ಆದರೆ ಒಳಗೊಳಗೆ ಅದು ನಿಜ ಎಂದೇ ಅವಳ ನಂಬಿಕೆ. ಸ್ವಲ್ಪ ಜಂಬ ಇತ್ತು, ಮುಚ್ಚಿಡುವುದೇಕೆ.

ಎಂಟು ತಿಂಗಳ ಹಿಂದೆ ಒಂದು ವಾರ ಜ್ವರ ಬಂತು. ಜ್ವರ ಬಿಟ್ಟು ಕೆಲಸಕ್ಕೆ ಹೋದ ದಿನ ತೂತಿಗೆ ಮೂಗಿಟ್ಟಳು. ಏನೂ ಬರಲಿಲ್ಲ. ಬೆಂಕಿ ಆರಿರಬೇಕು ಅಂದುಕೊಂಡು ಹಿಂಬದಿಗೆ ಹೋದರೆ ಬೆಂಕಿ ಧಗಧಗ ಉರಿಯುತ್ತಿದೆ. ಮತ್ತೆ ಬಂದು ಮೂಗಿಟ್ಟಳು, ಬಾಗಿಲು ಬಿಸಿಯಾಗಿ ಮೂಗಿನ ತುದಿ ಚುರ್ ಎಂದಿತೇ ಹೊರತು ವಾಸನೆ ಮಾತ್ರ ಇಲ್ಲ. ಮನೆಗೆ ಹೋಗಿ ಬೆಳ್ಳುಳ್ಳಿ ಜಜ್ಜಿದಳು, ಸೀಮೆಎಣ್ಣೆ ಡಬ್ಬಿ ಬಿಚ್ಚಿದಳು, ಗಂಡನ ಕಾಲುಚೀಲವನ್ನೂ ಬಿಡಲಿಲ್ಲ. ಟ್ರ್ಯಾಕ್ಟರ್ ಓಡಿಸುವ ಆ ಪುಣ್ಯಾತ್ಮನ ಕಾಲುಚೀಲಕ್ಕೂ ವಾಸನೆ ಇಲ್ಲ ಅಂದಮೇಲೆ ಅಕ್ಕನಿಗೆ ಖಾತ್ರಿಯಾಯಿತು, ಹೋದದ್ದು ಮೂಗು.

ಹೇಳಿಕೊಂಡದ್ದು ಒಬ್ಬಳಿಗೇ, ತಂಗಿಗೆ. ಅಕ್ಕನಿಗಿಂತ ಹದಿನಾಲ್ಕು ವರ್ಷ ಚಿಕ್ಕವಳು. ಹುಟ್ಟಿದಾಗ ಎತ್ತಿಕೊಂಡು "ಮರಿ" ಅಂದದ್ದು ಮೂವತ್ತೆಂಟಾದರೂ ಮರಿಯೇ. ಮದುವೆ ಮುರಿದು ಒಂದು ಟ್ರಂಕು ಹಿಡಿದು ಬಂದಾಗ ಅಕ್ಕ ಏನೂ ಕೇಳದೆ ಮನೆಯ ಹಿಂದಿನ ಕೋಣೆ ಗುಡಿಸಿಕೊಟ್ಟಿದ್ದಳು. ತೋಟದಲ್ಲಿ ಕೆಲಸ ಕೊಡಿಸಿ, ಬಿಸಿಮನೆಗೆ ಬೆಂಕಿ ಹಾಕಲು ತನ್ನ ಜೊತೆಗೇ ಇಟ್ಟುಕೊಂಡಿದ್ದಳು. ತೂತಿಗೆ ಮೂಗಿಟ್ಟು ಹುಲ್ಲು ಯಾವುದು, ಸೊಪ್ಪು ಯಾವುದು, ಖಾರ ಯಾವುದು ಎಂದು ಕಲಿಸಿದವಳೂ ಅಕ್ಕನೇ.

"ಯಾರಿಗೂ ಹೇಳ್ಬೇಡ ಕಣೇ. ಗೊತ್ತಾದ್ರೆ ನನ್ನ ಎತ್ತಂಗಡಿ ಮಾಡ್ತಾರೆ," ಅಂದಳು ಅಕ್ಕ.

"ನಾನಿಲ್ವಾ? ನನ್ನ ಮೂಗು ನಿನ್ನ ಮೂಗು ಬೇರೆನಾ?" ಅಂದಳು ಮರಿ. ಸತ್ತ ಅಮ್ಮನ ಮೇಲೆ ಆಣೆಯನ್ನೂ ಇಟ್ಟಳು.

ಇಬ್ಬರೂ ಒಂದು ಉಪಾಯ ಮಾಡಿದರು. ಅಕ್ಕ ಎಂದಿನಂತೆ ಗತ್ತಿನಲ್ಲಿ ತೂತಿಗೆ ಮೂಗಿಡುವುದು, ಕಣ್ಣು ಮುಚ್ಚುವುದು, ಹೂಂ ಅನ್ನುವುದು. ಅದಕ್ಕೆ ಮುಂಚೆ ಮರಿ ಅಲ್ಲೇ ಸುಳಿದಾಡಿ ವಾಸನೆ ನೋಡಿರುವುದು. ಹೊತ್ತಾಗಿದ್ದರೆ ಅವಳು, "ಅಕ್ಕಾ, ನೀರು ಕೊಡ್ಲಾ?" ಎಂದು ಕೇಳಬೇಕು. ಕೇಳದಿದ್ದರೆ ಇನ್ನೂ ಆಗಿಲ್ಲ ಅಂತ. ಎಂಟು ತಿಂಗಳಲ್ಲಿ ಅಕ್ಕ ಕುಡಿದಷ್ಟು ನೀರನ್ನು ಎತ್ತೂ ಕುಡಿದಿರಲಾರದು. ಆದರೆ ತಟ್ಟೆಗಳು ಮಾತ್ರ ಒಂದಕ್ಕಿಂತ ಒಂದು ಹಸಿರಾಗಿ ಹೊರಬಂದವು.

ಮನೆಯಲ್ಲೂ ಹಾಗೆಯೇ. ಅಕ್ಕನ ಕೈ ಅಡುಗೆಗೆ ಹೆಸರಾದದ್ದು. ಏಲಕ್ಕಿಯನ್ನು ಸುಮ್ಮನೆ ಕುಟ್ಟಿದರೆ ಬೀಜ ಜಾರಿ ಓಡುತ್ತದೆ, ನಾಲ್ಕು ಹರಳು ಸಕ್ಕರೆ ಜೊತೆಗಿಟ್ಟು ಕುಟ್ಟಿದರೆ ಹಿಟ್ಟಾಗುತ್ತದೆ. ಮಾಂಸಕ್ಕೆ ಇಡೀ ಕಾಯಿಯನ್ನು ಸ್ವಲ್ಪ ಜಜ್ಜಿ ಬಿಸಿ ಎಣ್ಣೆಗೆ ಬಿಟ್ಟು ಅದು ಉಬ್ಬುವವರೆಗೆ ಕಾಯಬೇಕು. ಹಾಲಿನ ಅಡುಗೆಗೆ ಒಲೆ ಆರಿಸಿದ ಮೇಲಷ್ಟೇ ಪುಡಿ ಹಾಕಿ ತಕ್ಷಣ ಮುಚ್ಚಬೇಕು. ಸಿಪ್ಪೆಯನ್ನು ಬಿಸಾಡದೆ ಚಹಾಪುಡಿಯ ಡಬ್ಬಿಯಲ್ಲಿ ಹುದುಗಿಸಬೇಕು. ಇವೆಲ್ಲ ಕೈಗೆ ಗೊತ್ತಿತ್ತು. ಎಷ್ಟು ಎನ್ನುವುದು ಮೂಗಿಗೆ ಗೊತ್ತಿದ್ದದ್ದು, ಅದು ಹೋಗಿತ್ತು. ಗಂಡನನ್ನು ಕೇಳಿ ಪ್ರಯೋಜನವಿಲ್ಲ. ಮದುವೆಯಾದಾಗಿನಿಂದ ಆ ಮನುಷ್ಯ ಏನಿಟ್ಟರೂ "ಚೆನ್ನಾಗಿದೆ" ಅಂದು ಎದ್ದು ಹೋಗುವವನು. ಹಾಗಾಗಿ ಮರಿಯೇ ಒಲೆಯ ಪಕ್ಕ ನಿಂತು "ಸಾಕು ಅಕ್ಕ", "ಇನ್ನೊಂದು ಹಾಕು" ಎನ್ನುತ್ತಿದ್ದಳು. ಮೂಗು ಹೋದರೂ ತಂಗಿ ಇದ್ದಾಳಲ್ಲ ಎಂದು ಅಕ್ಕ ಎಷ್ಟೋ ಸಲ ಸಮಾಧಾನಪಟ್ಟಿದ್ದಳು.

ತೋಟದ ಯಜಮಾನಿಯನ್ನು ಎಲ್ಲರೂ ಅಮ್ಮಾವ್ರು ಎನ್ನುತ್ತಿದ್ದರು. ಹಳ್ಳದಾಚೆ ಅವರು ಹೊಸ ತಳಿಯ ಗಿಡ ನೆಡಿಸಿ ಮೂರು ವರ್ಷ ಕಾದಿದ್ದರು. ಬೇಸಿಗೆಯಲ್ಲಿ ಕೊಡದಲ್ಲಿ ನೀರು ಹೊತ್ತು ಬದುಕಿಸಿದ ತಾಕು ಅದು. ಈ ಸಲ ಮೊದಲ ಕಾಯಿ ಬಿಟ್ಟಿತ್ತು. ಬೇರೆ ಕಾಯಿಯ ಒಂದೂವರೆಯಷ್ಟು ಉದ್ದ, ಮೂರು ಏಣು ಎದ್ದು ಕಾಣುವ ಹಾಗೆ. ಬಲಿತದ್ದನ್ನೆಲ್ಲ ಒಂದೇ ದಿನ ಕೀಳಿಸಿ, ಬೇರೆ ಕಾಯಿ ಒಂದೂ ಬೆರೆಸದೆ, ಅಕ್ಕನ ಬಿಸಿಮನೆಗೆ ಹಾಕಿಸಿದರು. "ನಿನ್ನನ್ನ ನಂಬಿದೀನಿ," ಅಂದರು. ಕೊಳ್ಳುವವರಿಗೆ ನಮೂನೆ ತೋರಿಸುವುದಿತ್ತು.

ಮಾರನೇ ದಿನ ಹನ್ನೊಂದು ಗಂಟೆಗೆ ಅಮ್ಮಾವ್ರು ಅಕ್ಕನನ್ನು ಆಫೀಸಿಗೆ ಕರೆಸಿ, ಯಾವ ಮೂಟೆ, ಯಾವ ಜರಡಿ ಎಂದು ಅರ್ಧ ಗಂಟೆ ಮಾತಾಡಿದರು. ಅಕ್ಕ ವಾಪಸು ಬಂದಾಗ ಮರಿ ಬಾಗಿಲ ಪಕ್ಕ ಕೂತಿದ್ದಳು.

"ಏನೇ?"

"ಇನ್ನೂ ಹಸಿ," ಅಂದಳು ಮರಿ.

ಹನ್ನೆರಡಾಯಿತು. ಒಂದಾಯಿತು. ಅಕ್ಕನ ಲೆಕ್ಕದಲ್ಲಿ ಆಗಿರಬೇಕಿತ್ತು. ಆದರೆ ದಪ್ಪ ಕಾಯಿ, ಹೊಸ ತಳಿ, ಯಾರಿಗೆ ಗೊತ್ತು? ಮೂರು ಸಲ ಮರಿಯ ಮುಖ ನೋಡಿದಳು. ಮರಿ ಮೂರು ಸಲವೂ ಇಲ್ಲವೆಂದು ತಲೆ ಆಡಿಸಿದಳು. ಅಕ್ಕ ಚಿಲಕದ ಮೇಲೆ ಇಟ್ಟಿದ್ದ ಕೈಯನ್ನು ತೆಗೆದಳು. ತನ್ನ ಲೆಕ್ಕಕ್ಕಿಂತ ತಂಗಿಯ ಮೂಗು ಹೆಚ್ಚು ಎಂದು ನಂಬಿ ಕೂತಳು.

ಎರಡು ಗಂಟೆಗೆ ಮರಿ, "ಅಕ್ಕಾ, ನೀರು ಕೊಡ್ಲಾ?" ಅಂದಳು.

ಬಾಗಿಲು ತೆಗೆದರೆ ತಟ್ಟೆ ತಟ್ಟೆಯೂ ಒಣಹುಲ್ಲು. ಒಂದೊಂದು ಕಾಯಿಯೂ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಅಂಗಳದಲ್ಲಿದ್ದವರೆಲ್ಲ ಬಂದು ಮುತ್ತಿದರು. ಅಮ್ಮಾವ್ರು ಒಂದು ಕಾಯಿ ಎತ್ತಿ, ಮುರಿದು, ಎಲ್ಲರ ಎದುರಿಗೇ ಅಕ್ಕನ ಮುಖಕ್ಕೆ ಹಿಡಿದರು.

"ಮೂರು ವರ್ಷ! ನಿದ್ದೆ ಮಾಡ್ತಿದ್ದೆಯಾ ಇಲ್ಲಿ ಕೂತು?"

"ನನ್ನ ತಪ್ಪು ಅಮ್ಮಾವ್ರೇ," ಅಂದಳು ಅಕ್ಕ. ಮರಿಯ ಹೆಸರು ನಾಲಿಗೆಯ ತುದಿವರೆಗೂ ಬರಲಿಲ್ಲ. ಹುಡುಗಿ ಎಡವಿದ್ದಾಳೆ, ಅವಳನ್ನು ಕಾಯಬೇಕು ಎನ್ನುವುದೊಂದೇ ಆಗ ತಲೆಯಲ್ಲಿದ್ದದ್ದು.

ಅವತ್ತೇ ಅಕ್ಕನನ್ನು ಕಾಯಿ ಆರಿಸುವ ಕೊಟ್ಟಿಗೆಗೆ ಹಾಕಿದರು. ಬಿಸಿಮನೆಯ ಚಿಲಕ ಮರಿಯ ಕೈಗೆ ಹೋಯಿತು. ಸಂಜೆ ಮರಿ ತಲೆ ತಗ್ಗಿಸಿಕೊಂಡು ಬಂದಾಗ ಸಂತೈಸಿದವಳೂ ಅಕ್ಕನೇ: "ಬಿಡೇ, ನೆಗಡಿ ಗಿಗಡಿ ಆಗಿತ್ತೇನೋ. ಬೇರೆ ಯಾರೋ ಬರೋ ಬದ್ಲು ನೀನು ಬಂದ್ಯಲ್ಲ, ಅಷ್ಟು ಸಾಕು." ಅವಳಿಗೆ ಇಷ್ಟವೆಂದು ಮಾಂಸ ಬೇಯಿಸಿ ಬಡಿಸಿದಳು. ಮರಿ ಅರ್ಧಕ್ಕೇ ಎದ್ದು ಕೈ ತೊಳೆದಳು. ಪಾಪ, ಎಷ್ಟು ನೊಂದಿದ್ದಾಳೆ ಅಂದುಕೊಂಡಳು ಅಕ್ಕ. ಆ ಒಂದು ತಟ್ಟೆ ಅನ್ನವನ್ನು ನೆನೆದರೆ ಇವತ್ತಿಗೂ ಅವಳ ಮೈ ಉರಿಯುತ್ತದೆ.

ನಾಲ್ಕು ದಿನ ಕಳೆದಿತ್ತು. ಅಕ್ಕ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವಳು ಚಹಾ ಮಾಡಲು ಹೋದರೆ ಏಲಕ್ಕಿ ಡಬ್ಬಿ ಖಾಲಿ. ಬಿಸಿಮನೆಯವರಿಗೆ ಒಂದು ರೂಢಿ ಇದೆ. ಬಾಗಿಲು ತೆರೆದ ಕೂಡಲೇ, ಯಾರೂ ಮುಟ್ಟುವ ಮೊದಲು, ಬೆಂಕಿ ಹಾಕಿದವರು ಒಂದು ಹಿಡಿ ತಮ್ಮ ಮನೆಗೆ ಎತ್ತಿಕೊಳ್ಳಬಹುದು. ಮರಿಯ ಕೋಣೆಯಲ್ಲಿ ಇದ್ದೇ ಇರುತ್ತದೆ ಎಂದು ಅಕ್ಕ ಒಳಗೆ ಹೋದಳು. ಅವರಿಬ್ಬರಲ್ಲಿ ಕೇಳಿ ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ಕಪಾಟಿನಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಒಂದು ಪುಟ್ಟ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದಳು.

ಹಸಿರು. ಎಳೆ ಎಲೆಯಂಥ ಹಸಿರು. ಬೇರೆ ಕಾಯಿಯ ಒಂದೂವರೆಯಷ್ಟು ಉದ್ದ, ಮೂರು ಏಣು.

ಅಕ್ಕನಿಗೆ ಮೊದಲು ಖುಷಿಯಾಯಿತು! ಎಷ್ಟು ಚಂದ ಒಣಗಿದೆ ನೋಡು ಎಂದು. ಉಗುರಲ್ಲಿ ಒಂದನ್ನು ಬಿಡಿಸಿದಳು, ಒಳಗೆ ಕಪ್ಪಗೆ ಅಂಟಂಟು ಬೀಜ. ಆಮೇಲೆ ಮರಿಯ ಮಂಚದ ಮೇಲೆ ಕೂತಳು. ಹೊಸ ತಾಕಿನ ಕಾಯಿ ಕಿತ್ತದ್ದು ಒಂದೇ ಸಲ, ಒಣಗಿಸಿದ್ದು ಒಂದೇ ಸಲ. ಬಾಗಿಲು ತೆಗೆದಾಗ ಒಂದೇ ಒಂದು ಕಾಯಿಯೂ ಹಸಿರಾಗಿರಲಿಲ್ಲ. ಹಾಗಾದರೆ ಈ ಹಿಡಿ ಹೊರಗೆ ಬಂದದ್ದು ಅದಕ್ಕಿಂತ ಮುಂಚೆ. ಬಂದಾಗ ಸರಿಯಾಗಿ ಒಣಗಿತ್ತು. ಅದಾದ ಮೇಲೆ ಮರಿ "ಇನ್ನೂ ಹಸಿ" ಅಂದಿದ್ದಾಳೆ. ಇದನ್ನು ತಿಳಿಯಲು ಮೂಗು ಬೇಕಿರಲಿಲ್ಲ.

ಸಂಜೆ ಮರಿ ಬಂದಾಗ ಡಬ್ಬಿ ಮೇಜಿನ ಮೇಲಿತ್ತು.

"ಇದನ್ನ ಯಾವಾಗ ತೆಗ್ದೆ?"

ಮರಿ ಸುಳ್ಳು ಹೇಳಲಿಲ್ಲ. "ನೀನು ಆಫೀಸಿಗೆ ಹೋದಾಗ."

"ಆಗ್ಲೇ ಆಗಿತ್ತಾ?"

"ಆಗಿತ್ತು. ಅಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ಅಕ್ಕ."

"ಹಾಳು ಮಾಡೋಳು ಪೂರ್ತಿ ಹಾಳು ಮಾಡ್ಬೇಕಿತ್ತು. ಇದನ್ನ ಯಾಕೆ ಎತ್ಕೊಂಡೆ?"

"ಕೈ ಕೇಳ್ಲಿಲ್ಲ. ಆ ಗಿಡಕ್ಕೆ ನಾನೂ ನೀರು ಹೊತ್ತಿದೀನಿ. ಎಲ್ಲಾ ಹೋಗ್ಬಿಡುತ್ತಲ್ಲ ಅನ್ನಿಸ್ತು. ಒಂದ್ ಹಿಡಿ ತೆಗೆದು ಬಾಗಿಲು ಹಾಕ್ದೆ."

ಅದು ಮಾತ್ರ ಅಕ್ಕನಿಗೆ ಚೆನ್ನಾಗಿ ಅರ್ಥವಾಯಿತು. ಅವಳ ಕೈಯೂ ಕೇಳುತ್ತಿರಲಿಲ್ಲ. ಅರ್ಥವಾದದ್ದಕ್ಕೇ ಸಿಟ್ಟು ಇನ್ನಷ್ಟು ನೆತ್ತಿಗೇರಿತು.

"ನಂಬಿಸಿ ಕತ್ತು ಕೊಯ್ದೆಯಲ್ಲೇ! ಟ್ರಂಕು ಹಿಡ್ಕೊಂಡು ಬಂದಾಗ ಯಾಕೆ ಬಂದೆ ಅಂತ ಒಂದು ಮಾತು ಕೇಳಿದ್ನಾ ನಿನ್ನ?"

"ಕೇಳ್ಲಿಲ್ಲ. ಆದ್ರೆ ಎಂಟು ತಿಂಗಳಿಂದ ಮೂಗು ನಂದು, ಹೆಸರು ನಿಂದು," ಅಂದಳು ಮರಿ. "ಎಲ್ರೂ ಅಕ್ಕ ಅಕ್ಕ ಅಂದ್ರು. ನಾನು ನೀರು ಕೊಡೋಳು. ಮೂವತ್ತೆಂಟು ವರ್ಷ ಆಯ್ತು, ಇನ್ನೂ ಮರಿ."

"ನಂಗೆ ಬೇಕು ಅಂತ ಬಾಯಿಬಿಟ್ಟು ಕೇಳ್ಬೋದಿತ್ತಲ್ಲ."

"ಕೇಳಿದ್ರೆ ಕೊಡ್ತಿದ್ದೆಯಾ?"

ಕೊಡುತ್ತಿದ್ದೆ ಅಂದುಬಿಡುವುದು ಸುಲಭವಿತ್ತು. ಆದರೆ ಕೊಡುತ್ತಿರಲಿಲ್ಲ ಎಂದು ಅಕ್ಕನಿಗೂ ಗೊತ್ತಿತ್ತು.

"ಹೋಗಿ ಹೇಳು ಬೇಕಾದ್ರೆ," ಅಂದಳು ಮರಿ. "ಹೇಳೋದಾದ್ರೆ ನಿಂಗೆ ಮೂಗಿಲ್ಲ ಅಂತಾನೂ ಹೇಳ್ಬೇಕಾಗುತ್ತೆ." ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಕ್ಕನಿಗೆ ಊಟ ಸೇರಲಿಲ್ಲ. ಕೊಟ್ಟಿಗೆಯಲ್ಲಿ ಕಾಯಿ ಆರಿಸಿಕೊಂಡೇ ಇದ್ದುಬಿಡಬಹುದು, ಬೇಜವಾಬ್ದಾರಿ ಅನ್ನಿಸಿಕೊಂಡರೂ ಮೂಗಿಲ್ಲದವಳು ಅನ್ನಿಸಿಕೊಳ್ಳುವುದಿಲ್ಲ. ಇಲ್ಲವೇ ಹೇಳಬಹುದು, ಹೇಳಿದರೆ ಒಂಬತ್ತು ವರ್ಷದ ಹೆಸರೇ ಕಿತ್ತುಹೋಗುತ್ತದೆ. ಆದರೆ ಅಕ್ಕ ಹೇಳಲಾರಳು ಎನ್ನುವುದನ್ನೇ ನೆಚ್ಚಿಕೊಂಡು ಮರಿ ಚಿಲಕ ಹಿಡಿದು ಕೂತಿದ್ದಾಳಲ್ಲ, ಅದನ್ನು ಅಕ್ಕನಿಂದ ತಾಳಲಾಗಲಿಲ್ಲ. ಹೆಸರು ಹೋದರೆ ಹೋಗಲಿ ಎಂದು ಬೆಳಿಗ್ಗೆ ಡಬ್ಬಿ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿದಳು.

ಅಮ್ಮಾವ್ರು ಕನ್ನಡಕ ಒರೆಸುತ್ತಿದ್ದರು. ಅಕ್ಕ ನಿಂತೇ ಹೇಳಿದಳು. ಜ್ವರದಿಂದ ಶುರುಮಾಡಿ, ನೀರಿನ ಮಾತು, ಆಫೀಸಿಗೆ ಬಂದ ಅರ್ಧ ಗಂಟೆ, ಡಬ್ಬಿ, ಎಲ್ಲ. ಎಂಟು ತಿಂಗಳು ನಿಮಗೆ ಮೋಸ ಮಾಡಿದೆ ಎಂದೂ ಹೇಳಿದಳು. ಹೇಳಿ ಮುಗಿಸಿದಾಗ ಅವಳಿಗೆ ಹಗುರವೇ ಆಯಿತು.

ಅಮ್ಮಾವ್ರು ಡಬ್ಬಿಯಿಂದ ಒಂದು ಕಾಯಿ ತೆಗೆದು ಬೆಳಕಿಗೆ ಹಿಡಿದರು. "ನಿನ್ನ ಮೂಗಿನ ವಿಷಯ ಗೊತ್ತಿತ್ತು," ಅಂದರು.

"ಯಾರು ಹೇಳಿದ್ರು?"

"ಇನ್ಯಾರು, ನಿನ್ನ ತಂಗಿ. ಎರಡು ತಿಂಗಳಾಯ್ತು, ಇಲ್ಲೇ ನಿಂತು ಹೇಳಿದ್ಲು. ನಾನೇ ಗದರಿಸಿ ಕಳಿಸಿದೆ. ಮಾಲು ಹಸಿರಾಗಿ ಬರ್ತಿದೆ, ಯಾರ ಮೂಗಾದ್ರೆ ನಂಗೇನು, ನಿಮ್ಮಕ್ಕ ಅಲ್ಲೇ ಇರ್ಲಿ ಅಂದೆ."

ಅಮ್ಮನ ಆಣೆ ಆರು ತಿಂಗಳಿಗೇ ಮುರಿದಿತ್ತು. ಬಾಯಿಮಾತಲ್ಲಿ ಕೆಲಸ ಆಗದಿದ್ದಾಗ ಮರಿ ಬೆಂಕಿಯಲ್ಲಿ ಮಾಡಿಸಿದ್ದಳು. ಅಷ್ಟೇ ಅಲ್ಲ. ಅವತ್ತು ಅಂಗಳದಲ್ಲಿ ಕಾಯಿ ಮುರಿದು ಮುಖಕ್ಕೆ ಹಿಡಿದಾಗ ಈ ಅಮ್ಮಾವ್ರಿಗೂ ಎಲ್ಲ ಗೊತ್ತಿತ್ತು.

"ಹಂಗಾದ್ರೆ ಸುಟ್ಟದ್ದು ಯಾರು ಅಂತಾನೂ ನಿಮಗೆ ಗೊತ್ತು."

"ಊಹೆ ಇತ್ತು."

"ಆದ್ರೂ ಅವಳಿಗೇ ಕೊಟ್ರಿ?"

"ಮತ್ತಿನ್ಯಾರಿಗೆ ಕೊಡ್ಲಿ? ಮೂಗಿರೋಳು ಅವಳೊಬ್ಬಳು," ಅಂದರು ಅಮ್ಮಾವ್ರು. ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. "ಬೇಕಾದ್ದು ಸಿಕ್ತಲ್ಲ, ಇನ್ನು ಅವಳು ಯಾಕೆ ಸುಡ್ತಾಳೆ? ನೀನು ಕೊಟ್ಟಿಗೆಗೆ ಹೋಗು, ಕಣ್ಣು ಚೆನ್ನಾಗಿದೆ ನಿಂದು." ಕಾಯಿಯನ್ನು ವಾಪಸು ಡಬ್ಬಿಗೆ ಹಾಕಿ ಮುಚ್ಚಿಕೊಟ್ಟರು.

ಅವತ್ತು ಸಂಜೆ ಅಕ್ಕ ಹಾಲಿನಲ್ಲಿ ಅಕ್ಕಿ ಬೇಯಲು ಇಟ್ಟಳು. ಗಂಡ ಟ್ರ್ಯಾಕ್ಟರ್ ತೆಗೆದುಕೊಂಡು ಹೊರಗೆ ಹೋಗಿದ್ದ. ಯಾರಿಗಾಗಿ ಮಾಡುತ್ತಿದ್ದಾಳೆ ಎಂದು ಅವಳಿಗೇ ಗೊತ್ತಿರಲಿಲ್ಲ, ಕೈ ಸುಮ್ಮನಿದ್ದರೆ ಅಳು ಬರುತ್ತಿತ್ತು, ಅಷ್ಟೇ. ಒಲೆಗೆ ಬೆನ್ನು ಹಾಕಿ ಕೂತು ಡಬ್ಬಿಯ ಕಾಯಿ ಬಿಡಿಸಿದಳು. ಅವು ಏನು ತಪ್ಪು ಮಾಡಿದ್ದವು? ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ ಮಾಡಿ, ನಾಲ್ಕು ಹರಳು ಸಕ್ಕರೆ ಹಾಕಿ ಕುಟ್ಟತೊಡಗಿದಳು.

ಮರಿ ಕೆಲಸದಿಂದ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಅಕ್ಕಾ, ತಳ ಹಿಡೀತಿದೆ."

ಅಕ್ಕ ತಿರುಗಿ ಪಾತ್ರೆ ನೋಡಿದಳು. ಮೇಲೆ ಬೆಳ್ಳಗೆ, ಗುಳುಗುಳು ಎನ್ನುತ್ತಿತ್ತು. ಹೊಗೆ ಇಲ್ಲ. ಸೌಟು ಆಡಿಸಿ ನೋಡಬಹುದಿತ್ತು. ಎಂಟು ತಿಂಗಳು ಈ ದನಿ ಹೇಳಿದ ಕೂಡಲೇ ಅವಳ ಕೈ ಓಡುತ್ತಿತ್ತು.

"ಅಕ್ಕಾ, ಸೀದ ವಾಸನೆ ಬರ್ತಿದೆ ಕಣೇ. ಒಲೆ ಆರಿಸು."

ಅಕ್ಕ ಮತ್ತೆ ಒಲೆಗೆ ಬೆನ್ನು ಹಾಕಿ ಕುಟ್ಟುತ್ತಲೇ ಇದ್ದಳು. ಮರಿ ಇನ್ನೊಂದು ಸಲ ಕರೆದಳು, ಈ ಸಲ ಅಳುತ್ತಾ. ಆಮೇಲೆ ಅವಳ ಹೆಜ್ಜೆ ಹಿಂದಿನ ಕೋಣೆಯ ಕಡೆ ಹೋದದ್ದು ಕೇಳಿಸಿತು.

ಪುಡಿ ನುಣ್ಣಗಾದ ಮೇಲೆ ಅಕ್ಕ ಎದ್ದು ಒಲೆ ಆರಿಸಿ, ಸೌಟನ್ನು ತಳದವರೆಗೆ ಇಳಿಸಿ ಎತ್ತಿದಳು. ಸೌಟಿನ ತುಂಬ ಕರಕಲು ಬಂತು. ಮರಿ ನಿಜವನ್ನೇ ಹೇಳಿದ್ದಳು. ಇದೂ ಸುಳ್ಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಕ್ಕನಿಗೆ ಅನ್ನಿಸಿತು, ಸೌಟು ಹಿಡಿದುಕೊಂಡೇ ಅಲ್ಲಿ ನಿಂತು ಅತ್ತಳು.